ನೀಲಿ ಕ್ಯಾನು ಕುಡಿದದ್ದು

ನನ್ನ ಅತ್ತೆಯ ಪ್ರಕಾರ ಪಾತ್ರೆಗಳಲ್ಲಿ ಎರಡೇ ಜಾತಿ. ಕುಡಿಯುವ ಜಾತಿ, ಕುಡಿಯದ ಜಾತಿ. ಮಣ್ಣಿನದು ಕುಡಿಯುತ್ತದೆ, ಹಿತ್ತಾಳೆ, ತಾಮ್ರ, ಕಂಚು ಕುಡಿಯುವುದಿಲ್ಲ. ಮಜ್ಜಿಗೆ ಹಾಕಿಟ್ಟ ಗಡಿಗೆಗೆ ನೀರು ತುಂಬಿದರೆ ನೀರೂ ಹುಳಿ ವಾಸನೆ ಹೊಡೆಯುತ್ತದೆ. ಎಣ್ಣೆ ಇಟ್ಟ ಕುಡಿಕೆಯನ್ನು ಎಷ್ಟು ತೊಳೆದರೂ ಅದು ಕೊನೆಯವರೆಗೂ ಎಣ್ಣೆ ಕುಡಿಕೆಯೇ. ಹಿತ್ತಾಳೆ ಹಾಗಲ್ಲ. ಒಂದು ಉಂಡೆ ಹುಣಸೆಹಣ್ಣು, ಒಂದು ಹಿಡಿ ಬೂದಿ ಸಿಕ್ಕರೆ ನಿನ್ನೆಯದನ್ನೆಲ್ಲ ಮರೆತು ಹೊಸದಾಗಿಬಿಡುತ್ತದೆ. ಮನೆಯಲ್ಲಿ ಸಾವಾದಾಗ ಈ ವಿಂಗಡಣೆ ಇನ್ನೂ ಬಿಗಿ. ಸೂತಕ ಕಳೆಯುವ ದಿನ ಮಣ್ಣಿನವನ್ನೆಲ್ಲ ಹೊತ್ತುಕೊಂಡು ಹೋಗಿ ತಿಪ್ಪೆಯಲ್ಲಿ ಒಡೆಯಬೇಕು, ಲೋಹದವನ್ನು ಬಾವಿಕಟ್ಟೆಗೆ ಒಯ್ದು ತಿಕ್ಕಿ ಒಳಗೆ ತಂದುಕೊಳ್ಳಬೇಕು.

ನಾನು ಮದುವೆಯಾಗಿ ಬಂದ ವರ್ಷವೇ ನನ್ನ ಗಂಡನ ಅಜ್ಜಿ ತೀರಿಕೊಂಡರು. ಸೂತಕ ಕಳೆಯುವ ದಿನ ಅತ್ತೆ ಒಂದೊಂದೇ ಗಡಿಗೆಯನ್ನು ನೆಲುವಿನಿಂದ ಇಳಿಸಿ ಹೊರಗೆ ಸಾಲಾಗಿ ಇಟ್ಟರು. ಅದರಲ್ಲಿ ಒಂದು ಹೊಚ್ಚ ಹೊಸದು. ಅಜ್ಜಿ ತೀರಿಕೊಳ್ಳುವ ಹಿಂದಿನ ದಿನವಷ್ಟೇ ಕುಂಬಾರರ ಮನೆಯಿಂದ ಬಂದದ್ದು, ಇನ್ನೂ ನೀರು ಮುಟ್ಟಿರಲಿಲ್ಲ.

“ಅತ್ತೆ, ಇದಕ್ಕೇನೂ ಹಾಕೇ ಇಲ್ವಲ್ಲ” ಎಂದೆ.

“ಗಾಳಿ ಕುಡದೈತೆ ಬಿಡವ್ವ. ಮನೆಯಾಗೆ ಹತ್ತು ದಿನ ಅತ್ತಿದ್ದೂ ಕುಡದೈತೆ” ಎಂದು ಅದನ್ನೂ ಎತ್ತಿಕೊಂಡು ನಡೆದರು.

ನಾನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ. ನಗಲು ನನಗೆ ಅರ್ಹತೆ ಇತ್ತು ಎಂದುಕೊಂಡಿದ್ದೆ. ನಾನು ರಾಮಗಿರಿಯ ಹುಡುಗಿ, ಅಪ್ಪ ರೈಲ್ವೆ ಗ್ಯಾಂಗಿನಲ್ಲಿದ್ದವರು. ಹೊಳಲ್ಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ಗಂಡನ ಮನೆಯಿದ್ದ ಮಾಡದಕೆರೆ ಕಡೆಯ ಹಟ್ಟಿಯಲ್ಲಿ ಅಷ್ಟು ಓದಿದ ಹೆಂಗಸು ನಾನೊಬ್ಬಳೇ. ಹಾಗಾಗಿ ಬಂದ ಕಾಗದ ನಾನೇ ಓದಬೇಕು, ಗೊಬ್ಬರದ ಚೀಲದ ಮೇಲೆ ಏನು ಬರೆದಿದೆ ಎಂದು ನಾನೇ ಹೇಳಬೇಕು, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ನನ್ನನ್ನೇ ಕೇಳಬೇಕು. ತಲೆಯ ಮೇಲೆ ಸರಿಯಾಗಿಯೇ ಕೊಂಬು ಬಂದಿದ್ದವು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ. ಕೇಳಿದವರಿಗೆ ಏನಾದರೊಂದು ಹೇಳಿಯೇ ಹೇಳುತ್ತಿದ್ದೆ.

ಮಡಕೆಯ ವಿಷಯವಂತೂ ನನಗೆ ಪಾಠವಾಗಿತ್ತು. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಅದಕ್ಕೇ ಒಳಗಿನ ನೀರು ತಣ್ಣಗಿರುತ್ತದೆ ಎಂದು ಹೊಳಲ್ಕೆರೆಯ ಸೈನ್ಸ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಅತ್ತೆ ಕುಡಿಯುವುದು ಎಂದು ಕರೆದದ್ದನ್ನು ನಾನು ರಂಧ್ರ ಎಂದು ಕರೆಯುತ್ತಿದ್ದೆ. ಬೆವರುವ ಪಾತ್ರೆ ಹೀರುತ್ತದೆ, ಬೆವರದ ಪಾತ್ರೆ ಹೀರುವುದಿಲ್ಲ. ಇಷ್ಟು ನನಗೆ ಖಚಿತವಾಗಿತ್ತು. ಒಂದು ಮನೆಯನ್ನು ಹಾಳು ಮಾಡಲು ಅಷ್ಟು ಖಾತ್ರಿ ಸಾಕು.

ನಮ್ಮದು ಕುರಿಯ ಮನೆ. ಸ್ವಲ್ಪ ರಾಗಿ ಹೊಲ, ಸ್ವಲ್ಪ ಕಡಲೆಕಾಯಿ, ಉಳಿದದ್ದೆಲ್ಲ ಕುರಿ. ಹೊಲ ನನ್ನ ಗಂಡನದು, ಕುರಿ ಮಾವನದು. ಮಾವ ಬೆಳಿಗ್ಗೆ ಕುರಿ ರೊಪ್ಪದ ಬಾಗಿಲು ತೆಗೆದು ಗುಡ್ಡದ ಕಡೆ ಹೊರಟರೆ ಸಂಜೆಯೇ ಬರುವುದು. ಉದ್ದನೆಯ ಆಳು, ಮಾತು ಕಡಿಮೆ, ತಮಾಷೆ ಜಾಸ್ತಿ. ಅವರ ಕೈ ಸುತ್ತಲ ಹಟ್ಟಿಗಳಿಗೆಲ್ಲ ಗೊತ್ತಿತ್ತು. ಕುರಿಯ ತುಪ್ಪಟ ಕತ್ತರಿಸುವ ಕಾಲ ಬಂದರೆ ಶ್ರೀರಾಂಪುರದ ಆಚೆಯಿಂದಲೂ ಕರೆಯಲು ಬರುತ್ತಿದ್ದರು. ಕುರಿಗಳನ್ನು ಕೆರೆಯಲ್ಲಿ ಮೀಯಿಸಿ, ಒಣಗಿಸಿ, ಒಂದೊಂದನ್ನೇ ಕೆಡವಿ ಕಾಲು ಕೂಡಿಸಿ ಹಿಡಿದರೆ, ಮಾವ ಆ ದೊಡ್ಡ ಕತ್ತರಿಯನ್ನು ಚರ್ಮಕ್ಕೆ ಒರಗಿಸಿ ಸರಸರನೆ ಸಾಗುತ್ತಿದ್ದರು. ತುಪ್ಪಟ ಕಂಬಳಿ ಮಡಿಸಿದ ಹಾಗೆ ಒಂದೇ ಹಾಳೆಯಾಗಿ ಎದ್ದು ಬರುತ್ತಿತ್ತು. ಕುರಿಯ ಮೈಮೇಲೆ ಒಂದು ಗೀರು ಬೀಳುತ್ತಿರಲಿಲ್ಲ. ಬೇರೆಯವರು ಕತ್ತರಿಸಿದ ಮೇಲೆ ಗಾಯಕ್ಕೆ ಹಚ್ಚಲು ಬೇವಿನೆಣ್ಣೆ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆ ಬಟ್ಟಲೇ ಇರಲಿಲ್ಲ.

ಮಾವ ಗುಡ್ಡಕ್ಕೆ ಮಜ್ಜಿಗೆ ಒಯ್ಯುತ್ತಿದ್ದದ್ದು ಒಣಗಿದ ಸೋರೆ ಬುರುಡೆಯಲ್ಲಿ. ಅವರ ಅಪ್ಪನ ಕಾಲದ್ದಂತೆ. ಹೊರಗೆಲ್ಲ ಎಣ್ಣೆ ಕುಡಿದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒಂದು ದಿನ ಟಗರು ಗುದ್ದಿ ಅದು ಎರಡು ಹೋಳಾಯಿತು. ಹೋಳುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದಿದ್ದರು. ಮಣ್ಣಿನ ಕುಡಿಕೆ ಕಲ್ಲುಗುಡ್ಡದಲ್ಲಿ ಬಾಳುವುದಿಲ್ಲ. ಹಿತ್ತಾಳೆಯಲ್ಲಿ ಮಜ್ಜಿಗೆ ಕಿಲುಬು ಬಿಡುತ್ತದೆ.

ಅದೇ ವಾರ ನನ್ನ ಗಂಡ ಬೀಜದ ಕಡಲೆಕಾಯಿ ತರಲು ಹಿರಿಯೂರಿನ ಕಡೆ ಅವರ ತಂಗಿಯ ಊರಿಗೆ ಹೋಗಿದ್ದರು. ನಾದಿನಿಯ ಮನೆಯವರದ್ದು ಚಾನಲ್ ನೀರಿನ ಜಮೀನು. ಆ ವರ್ಷಗಳಲ್ಲಿ ಅಲ್ಲೆಲ್ಲ ಹೈಬ್ರಿಡ್ ಹತ್ತಿ ಬಂದಿತ್ತು, ಹತ್ತಿಯ ಹಿಂದೆಯೇ ಔಷಧಿ ಬಂದಿತ್ತು. ತಗಡಿನ ದೊಡ್ಡ ಡಬ್ಬದಲ್ಲಿ ಬರುವ ಔಷಧಿಯನ್ನು ನೀಲಿ ಬಣ್ಣದ ಪ್ಲಾಸ್ಟಿಕ್ ಕ್ಯಾನಿಗೆ ಬಗ್ಗಿಸಿಕೊಂಡು ಹೊಲಕ್ಕೆ ಒಯ್ಯುತ್ತಿದ್ದರು. ನಾನು ಹೊಸ ಮದುವಣಗಿತ್ತಿಯಾಗಿ ಅಲ್ಲಿಗೆ ಹೋಗಿದ್ದಾಗ ಹತ್ತಿ ಹೊಲದ ಬದುವಿನಲ್ಲಿ ನಿಂತು ಆ ವಾಸನೆ ಕುಡಿದಿದ್ದೆ. ಸಿಹಿಯಾಗಿ, ಗಂಟಲಲ್ಲಿ ಅಂಟಿಕೊಳ್ಳುವಂಥ ವಾಸನೆ. ಆ ಕ್ಯಾನುಗಳಲ್ಲೊಂದು ಖಾಲಿ ಬಿದ್ದಿತ್ತು. ಸೀಮೆಎಣ್ಣೆ ಹಾಕಿಕೊಳ್ಳಲು ಆಗುತ್ತದೆ ಎಂದು ನಾದಿನಿ ಕೊಟ್ಟು ಕಳಿಸಿದ್ದಳು.

ಮಾವ ಅದನ್ನು ಕೈಯಲ್ಲಿ ಹಿಡಿದು ತೂಗಿದರು. ನೆಲಕ್ಕೆ ಬೀಳಿಸಿದರು. ಅದು ಪುಟಿಯಿತು. ಮಗುವಿನ ಹಾಗೆ ನಕ್ಕು ಮತ್ತೊಮ್ಮೆ ಬೀಳಿಸಿದರು.

“ಟಗರು ಗುದ್ದಿದ್ರೆ ಟಗರೇ ಬೀಳ್ತೈತೆ. ಇದ್ರಾಗೆ ಮಜ್ಜಿಗೆ ಹಾಕ್ಕೊಡ್ರಿ” ಎಂದರು.

“ಔಷ್ದಿ ಹಾಕಿದ್ದು ಅದು” ಎಂದರು ಅತ್ತೆ. “ಸೀಮೆಎಣ್ಣೆ ಹಾಕ್ಕಳ್ಳಿ. ಬಾಯಿಗೆ ಹೋಗೋದು ಬ್ಯಾಡ.”

“ತೊಳದ್ರೆ ಹೋಗಲ್ವೇನೆ?”

“ಹಿತ್ತಾಳೆ ಆಗಿದ್ರೆ ಹೋಗ್ತಿತ್ತು. ಇದು ಮಣ್ಣೋ ಹಿತ್ತಾಳೆನೋ ಯಾರಿಗ್ಗೊತ್ತು?”

“ಓದಿದೋಳು ಮನೆಯಾಗೆ ಅವಳೆ, ಕೇಳು ಮತ್ತೆ” ಎಂದು ಮಾವ ನನ್ನ ಕಡೆ ತಿರುಗಿದರು.

ಇಬ್ಬರೂ ನನ್ನ ಮುಖ ನೋಡಿದರು. ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಆಗಿನ ಕಾಲಕ್ಕೆ ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದವರು ಎಷ್ಟು ಜನರಿದ್ದರೋ ನನಗೆ ಗೊತ್ತಿಲ್ಲ. ನಾನು ಕ್ಯಾನಿಗೆ ನೀರು ತುಂಬಿ ಜಗುಲಿಯ ಮೇಲಿಟ್ಟೆ. ಸಂಜೆಯವರೆಗೂ ಅದರ ಹೊರಮೈ ಒಣಗಿಯೇ ಇತ್ತು. ಸಂಜೆ ಎಲ್ಲರೆದುರು ಕೈಯಾಡಿಸಿ ತೋರಿಸಿದೆ.

“ನೋಡ್ರಿ ಅತ್ತೆ, ಬೆವರಿಲ್ಲ. ಬೆವರದಿದ್ದ ಮೇಲೆ ಕುಡಿಯಲ್ಲ. ಇದು ಹಿತ್ತಾಳೆ ಜಾತಿನೇ. ತಿಕ್ಕಿದ್ರೆ ಸಾಕು.”

ತಿಕ್ಕಿದ್ದೂ ನಾನೇ. ಕ್ಯಾನಿನ ಬಾಯಿ ಕಿರಿದು, ಕೈ ಹೋಗುತ್ತಿರಲಿಲ್ಲ. ಒಳಗೆ ಒಂದು ಹಿಡಿ ಮರಳು, ಒಂದು ಹಿಡಿ ಬೂದಿ, ನಾಲ್ಕು ಸಣ್ಣ ಬೆಣಚು ಕಲ್ಲು, ಹುಣಸೆ ಕಿವುಚಿದ ನೀರು ಹಾಕಿ, ಮುಚ್ಚಳ ಬಿಗಿದು, ತೋಳು ಸೋಲುವವರೆಗೆ ಕುಲುಕಿದೆ. ಮೂರು ದಿನ ಹೀಗೆ ಮಾಡಿ ಮೂರು ದಿನ ಬಿಸಿಲಿಗಿಟ್ಟೆ. ಮೂಸಿದರೆ ಹುಣಸೆಯ ವಾಸನೆ ಬಿಟ್ಟು ಏನೂ ಇರಲಿಲ್ಲ. ಅತ್ತೆಗೆ ಆಗಲೂ ಸಮಾಧಾನವಿಲ್ಲ. ಒಂದು ಹಗಲು ಅದರಲ್ಲಿ ನೀರು ಇಟ್ಟು, ಆ ನೀರನ್ನು ತಮ್ಮ ಕೋಳಿಗೆ ಕುಡಿಸಿದರು. ಕೋಳಿ ಕುಡಿದು, ಕೊಕ್ಕೊಕ್ ಎಂದು, ತಿಪ್ಪೆ ಕೆದರಲು ಹೋಯಿತು. ಮರುದಿನ ಮೊಟ್ಟೆಯನ್ನೂ ಇಟ್ಟಿತು. ಅತ್ತೆ ಸೋತರು. ಮಾರನೆಯ ದಿನದಿಂದ ಮಾವನ ಹೆಗಲಲ್ಲಿ ನೀಲಿ ಕ್ಯಾನು.

ಅದಾಗಿ ಬಹಳ ವರ್ಷಗಳ ಮೇಲೆ, ಕನ್ನಡಕವಿಲ್ಲದೆ ಅಕ್ಷರ ಕಾಣದ ವಯಸ್ಸಿನಲ್ಲಿ, ನಾನು ಈ ವಿಷಯವನ್ನು ಸಿಕ್ಕ ಸಿಕ್ಕಲ್ಲಿ ಓದಿದೆ. ಆ ತರದ ಔಷಧಿಗಳಿಗೆ ನೀರೆಂದರೆ ಆಗದಂತೆ, ಜಿಡ್ಡೆಂದರೆ ಪ್ರಾಣವಂತೆ. ಪ್ಲಾಸ್ಟಿಕ್ ಹುಟ್ಟಿನಿಂದ ಎಣ್ಣೆಯ ವಂಶದ್ದು. ಔಷಧಿ ಅದರ ಮೈಯೊಳಗೆ ಹೊಕ್ಕು ಕುಳಿತುಬಿಡುತ್ತದೆ. ನೀರು ಬಂದು ಕರೆದರೆ ಹೊರಗೆ ಬರುವುದಿಲ್ಲ, ಬೆಣ್ಣೆ ಬಂದು ಕರೆದರೆ ಬರುತ್ತದೆ. ಅತ್ತೆಯ ಕೋಳಿಗೆ ನಾವು ಮಜ್ಜಿಗೆ ಕುಡಿಸಿ ನೋಡಲಿಲ್ಲ. ಇನ್ನೊಂದು ಸಂಗತಿಯನ್ನೂ ಓದಿದೆ. ಪ್ಲಾಸ್ಟಿಕ್ ಸವೆದು ಪುಡಿಯಾದರೆ ಒಂದೊಂದು ಕಣವೂ ತನ್ನ ಪಾಲಿನ ವಿಷವನ್ನು ಹೊತ್ತುಕೊಂಡೇ ಹೋಗುತ್ತದಂತೆ. ಹೊರಗೆ ಬಿದ್ದ ಕಣ ಸುಮ್ಮನಿರುವುದಿಲ್ಲ, ಮಣ್ಣಿನಲ್ಲಿ ನೀರಿನಲ್ಲಿ ಇರುವ ಬೇರೆ ವಿಷವನ್ನೂ ತನ್ನ ಮೈಗೆ ಹಚ್ಚಿಕೊಳ್ಳುತ್ತದಂತೆ. ಕಣ ಚಿಕ್ಕದಾದಷ್ಟೂ ಹಚ್ಚಿಕೊಳ್ಳುವ ಮೈ ಹೆಚ್ಚು. ಒಂದು ಬೆಲ್ಲದಚ್ಚಿಗೆ ಮುತ್ತುವ ಇರುವೆಗಿಂತ ಅದನ್ನೇ ಪುಡಿ ಮಾಡಿ ಚೆಲ್ಲಿದರೆ ಮುತ್ತುವ ಇರುವೆ ಜಾಸ್ತಿಯಲ್ಲವೇ, ಹಾಗೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬೆಣಚು ಕಲ್ಲು ಹಾಕಿ ದಿನಾ ಬೆಳಿಗ್ಗೆ ಆ ಪುಡಿಯನ್ನು ಮಾಡುತ್ತಿದ್ದವಳು ನಾನು.

ಹೌದು, ದಿನಾ ಬೆಳಿಗ್ಗೆ. ಮಜ್ಜಿಗೆ ಹಾಕುವ ಪಾತ್ರೆಯನ್ನು ತಿಕ್ಕದೆ ಮತ್ತೆ ಬಳಸುವುದು ನಮ್ಮಲ್ಲಿ ಹೇಸಿಗೆ. ಕಲ್ಲು, ಮರಳು, ಬೂದಿ ಹಾಕಿ ಕುಲುಕಿ ಚೆಲ್ಲಿದರೆ ಬೂದಿಯ ನೀರಿನಲ್ಲಿ ಸಣ್ಣಗೆ ನೀಲಿ ಮಿನುಗುತ್ತಿತ್ತು. ಬಣ್ಣ ಬಿಡುತ್ತಿದೆ ಎಂದುಕೊಂಡೆ, ಅಗ್ಗದ ಸೀರೆ ಬಿಡುವುದಿಲ್ಲವೇ. ವರ್ಷ ಕಳೆಯುವ ಹೊತ್ತಿಗೆ ಕ್ಯಾನಿನ ಒಳಮೈ ನುಣುಪು ಹೋಗಿ ಬೆಕ್ಕಿನ ನಾಲಿಗೆಯಂತೆ ತರಕಲಾಗಿತ್ತು. ಕೆಲವೊಮ್ಮೆ ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯ ಚೂರುಗಳ ಸುತ್ತ ನೀಲಿ ಚುಕ್ಕೆಗಳು ಅಂಟಿಕೊಂಡಿರುತ್ತಿದ್ದವು. ಬೆರಳಲ್ಲಿ ತೆಗೆದುಹಾಕುತ್ತಿದ್ದೆ. ಸಿಕ್ಕಷ್ಟು ತೆಗೆಯುತ್ತಿದ್ದೆ.

“ಏನವ್ವ, ಮಜ್ಜಿಗೆಗೆ ಎಲ್ರೂ ಸಾಸಿವೆ ಒಗ್ಗರಣೆ ಹಾಕ್ತಾರೆ, ನೀನು ನೀಲಿ ಒಗ್ಗರಣೆ ಹಾಕೀಯಾ?” ಎಂದು ಮಾವ ಒಂದು ದಿನ ಕೇಳಿದರು. ನಾನು ನಕ್ಕೆ. ಅವರೂ ನಕ್ಕರು.

ಎರಡನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಾವನಿಗೆ ಮುದ್ದೆ ಕೊಡಲು ನಾನೇ ಗುಡ್ಡಕ್ಕೆ ಹೋಗಿದ್ದೆ. ಅವರು ಹೊಂಗೆ ಮರದ ಕೆಳಗೆ ಕುಳಿತಿದ್ದರು. ನೆರಳು ಸರಿದು ಕ್ಯಾನು ಬಿಸಿಲಿಗೆ ಬಿದ್ದಿತ್ತು, ಕಾದ ಬಂಡೆಯ ಮೇಲೆ. ಎತ್ತಿದರೆ ಕೈ ಸುಡುತ್ತಿತ್ತು. ಬಗ್ಗಿಸಿ ಕೊಡೋಣವೆಂದು ಮುಚ್ಚಳ ತಿರುಗಿಸಿದೆ. ಒಳಗಿನ ಬಿಸಿ ಉಸಿರು ಮುಖಕ್ಕೆ ಬಡಿಯಿತು.

ಹುಳಿ ಮಜ್ಜಿಗೆಯ ವಾಸನೆ. ಅದರ ಹಿಂದೆ, ತೆಳ್ಳಗೆ, ಸಿಹಿಯಾಗಿ, ಹಿರಿಯೂರಿನ ಹತ್ತಿ ಹೊಲ.

ತಪ್ಪಾಗಿ ತಿಳಿದೆನೇನೋ ಎಂದು ಮತ್ತೆ ಮೂಸಿದೆ. ತಪ್ಪಾಗಿರಲಿಲ್ಲ. ಗಂಟಲಲ್ಲಿ ಅದೇ ಅಂಟು.

“ಯಾಕವ್ವ, ಕೆಟ್ಟೈತಾ?”

“ಬಿಸಿಲಿಗೆ ಹುಳಿಯಾಗೈತೆ ಮಾವ. ಬ್ಯಾಡ ಬಿಡ್ರಿ, ಚೆಲ್ತೀನಿ.”

“ಹುಳಿ ಇದ್ರೇ ರುಚಿ. ಚೆಲ್ಲೋಕೆ ನಿಮ್ಮಪ್ಪನ ಹಸೂನ ಕರೆದಿದ್ದು?” ಎಂದು ನಗುತ್ತ ಕ್ಯಾನನ್ನು ಕಿತ್ತುಕೊಂಡು ಎತ್ತಿ ಗಟಗಟ ಕುಡಿದರು. ಅವರ ಗಂಟಲ ಮಣಿ ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತ ನಿಂತೆ.

ಆಗ ಹೇಳಬೇಕಾಗಿತ್ತು. ಒಂದು ಮಾತು, ಮಾವ ಇದು ಔಷಧಿ ವಾಸನೆ ಎಂದು. ಹೇಳಿದ್ದರೆ ಅವರು ಆ ಕ್ಷಣವೇ ಕ್ಯಾನನ್ನು ಗುಡ್ಡದಿಂದ ಉರುಳಿಸಿ ಬರುತ್ತಿದ್ದರು, ಬೈಯುತ್ತಲೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅವರ ಬಗ್ಗೆ ಅಲ್ಲ. ಮನೆಗೆ ಹೋದ ಮೇಲೆ ಅತ್ತೆ ಒಂದು ಸಲ ನನ್ನ ಕಡೆ ನೋಡುತ್ತಾರಲ್ಲ, ಆ ನೋಟದ ಬಗ್ಗೆ. ಎಲ್ಲರೆದುರು ಕೈಯಾಡಿಸಿ ತೋರಿಸಿದವಳು ನಾನು. ಗುಡ್ಡ ಇಳಿಯುತ್ತ ಇಳಿಯುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಇನ್ನೂ ಚೆನ್ನಾಗಿ ತಿಕ್ಕಿದರೆ ಸರಿಹೋಗುತ್ತದೆ ಎಂದು. ಮರುದಿನದಿಂದ ನಾಲ್ಕು ಕಲ್ಲಿನ ಜಾಗದಲ್ಲಿ ಎಂಟು ಕಲ್ಲು ಹಾಕಿದೆ. ಜಗತ್ತಿನಲ್ಲಿ ನನ್ನಷ್ಟು ಶ್ರದ್ಧೆಯಿಂದ ವಿಷ ಅರೆದ ಹೆಂಗಸು ಇನ್ನೊಬ್ಬಳು ಇರಲಿಕ್ಕಿಲ್ಲ.

ಆ ವರ್ಷ ತುಪ್ಪಟ ಕತ್ತರಿಸುವಾಗ ಮಾವನ ಕತ್ತರಿ ಮೊದಲ ಸಲ ತಪ್ಪಿತು. ಒಂದು ಕುರಿಯ ಕಿವಿಯ ಅಂಚು ಹೋಯಿತು. ಮಾವ ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಮೊಂಡಾಗೈತೆ” ಎಂದರು. ಶ್ರೀರಾಂಪುರಕ್ಕೆ ಹೋಗಿ ಸಾಣೆ ಹಿಡಿಸಿ ತಂದರು. ಸಾಣೆ ಹಿಡಿಸಿದ ಮೇಲೆ ಇನ್ನೂ ಆಳಕ್ಕೆ ತಾಗಿತು, ಹೊಟ್ಟೆಯ ತೆಳು ಚರ್ಮಕ್ಕೆ. ಅತ್ತೆ ಒಳಗೆ ಹೋಗಿ ಒಂದು ಬಟ್ಟಲಲ್ಲಿ ಬೇವಿನೆಣ್ಣೆ ತಂದಿಟ್ಟರು. ಮಾವ ಆ ಬಟ್ಟಲನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಎಲ್ಲರಿಗೂ ಕಾಣುವಂತಾಯಿತು. ಬೆಳಿಗ್ಗೆ ಬೀಡಿ ಹೊತ್ತಿಸಲು ಹೋದರೆ ಕಡ್ಡಿ ಆರುತ್ತಿತ್ತು. ಕಣ್ಣಿನ ರೆಪ್ಪೆ ತಾನಾಗಿ ಅದುರುತ್ತಿತ್ತು. ತಲೆನೋವು ಎಂದು ಟವೆಲ್ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಮುಂದಿನ ವರ್ಷ ತುಪ್ಪಟಕ್ಕೆ ಕರೆಯಲು ಯಾರೂ ಬರಲಿಲ್ಲ. ನಮ್ಮ ಕುರಿಗಳಿಗೇ ಬೇರೆ ಹಟ್ಟಿಯಿಂದ ಒಬ್ಬ ಬಂದು ಕತ್ತರಿ ಹಾಕಿದ. ಮಾವ ಜಗುಲಿಯ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತು ನೋಡಿದರು. ಆದರೂ ಮಾರನೆಯ ದಿನ ಕುರಿಯ ಹಿಂದೆ ಹೊರಟವರಿಗೆ ಮಜ್ಜಿಗೆ ತುಂಬಿಕೊಟ್ಟೆ, ಅದೇ ಕ್ಯಾನಿನಲ್ಲಿ.

ಒಂದು ದಿನ ಗುಡ್ಡದಲ್ಲಿ ಕೈಕಾಲು ಸೆಳೆತ ಬಂದು ಬಿದ್ದರು. ಕುರಿಗಳು ತಾವೇ ಮನೆಗೆ ಬಂದವು. ಮರುದಿನ ಬಸ್ಸಿನಲ್ಲಿ ಹೊಸದುರ್ಗಕ್ಕೆ, ಅಲ್ಲಿಂದ ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಓದು ಬರುತ್ತದೆಂದು ನಾನೂ ಜೊತೆಗೆ. ಡಾಕ್ಟರು ವಯಸ್ಸಾದವರು, ತಾಳ್ಮೆಯ ಮನುಷ್ಯ. ಮಾವನ ಬೆರಳುಗಳನ್ನು ಚಾಚಿಸಿ ಮೇಲೆ ಒಂದು ಕಾಗದ ಇಟ್ಟರು. ಕಾಗದ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರಿತು. ಕುಡಿತ ಉಂಟಾ ಎಂದು ಕೇಳಿದರು. ಮಾವ ಬೇಸರಪಟ್ಟುಕೊಂಡರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, “ಬೆಳೆಗೆ ಔಷಧಿ ಹೊಡೆಯೋ ಕೆಲಸ ಏನಾದ್ರೂ ಮಾಡ್ತಾರಾ?” ಎಂದರು.

“ಇಲ್ಲ ಸಾರ್. ನಮ್ದು ಕುರಿ. ಔಷ್ದಿ ಮುಟ್ಟಿದೋರೇ ಅಲ್ಲ.”

ಡಾಕ್ಟರು ತಲೆಯಾಡಿಸಿ ಬರೆಯಲು ಶುರು ಮಾಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಕಾಗದ ಓದಲಿಕ್ಕೆಂದು ಬಂದವಳು. ಅವರ ಪೆನ್ನು ಕಾಗದದ ಮೇಲೆ ಹೋಗುವ ಸದ್ದು ನನಗೆ ಕೇಳುತ್ತಿತ್ತು. ಬಾಯಿ ತೆಗೆದೆ. ಮಾವ ನನ್ನ ಕಡೆ ನೋಡಿ, ಹೆದರಬ್ಯಾಡ ಎನ್ನುವ ಹಾಗೆ ಸಣ್ಣಗೆ ನಕ್ಕರು. ನನ್ನ ಬಾಯಿ ಮುಚ್ಚಿಕೊಂಡಿತು. ನರಕ್ಕೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಬಸ್ಸಿನಲ್ಲಿ ನಾನೇ ಓದಿ ಹೇಳಿದೆ.

ಮನೆಗೆ ಬಂದ ದಿನವೇ ಕ್ಯಾನಿನ ಮುಚ್ಚಳವನ್ನು ಹಿತ್ತಲ ಕಲ್ಲಿನ ಮೇಲೆ ಇಟ್ಟು ಜಜ್ಜಿದೆ. ಮುಚ್ಚಳ ಒಡೆದಿದೆ, ಇನ್ನು ಬಳಸಲಾಗುವುದಿಲ್ಲ ಎಂದು ಹೇಳಿ ಅದನ್ನು ಗೂಟಕ್ಕೆ ನೇತುಹಾಕಿದೆ. ಮಾವ ಗುಡ್ಡಕ್ಕೆ ಹೋಗುವುದೂ ನಿಂತಿತ್ತು. ಹೊಸ ಮಣ್ಣಿನ ಕುಡಿಕೆಯಲ್ಲಿ ಮಜ್ಜಿಗೆ ಕೊಡತೊಡಗಿದೆ. ಇನ್ನು ಸರಿಹೋಗುತ್ತಾರೆ ಎಂದು ದಿನಾ ಬೆಳಿಗ್ಗೆ ಅವರ ಕೈ ನೋಡುತ್ತಿದ್ದೆ. ಕೈ ದಿನಾ ಅದುರುತ್ತಿತ್ತು. ಆ ವಿಷ ಮೈಯ ಕೊಬ್ಬಿನಲ್ಲಿ ಅಡಗಿ ಕುಳಿತಿರುತ್ತದೆ, ಮನುಷ್ಯ ಸೊರಗಿದರೆ ಕೊಬ್ಬು ಕರಗಿ ಅದು ಮತ್ತೆ ರಕ್ತಕ್ಕೆ ಇಳಿಯುತ್ತದೆ ಎಂಬುದನ್ನೂ ನಾನು ಓದಿದ್ದು ಆಮೇಲೆಯೇ. ಮಾವ ಊಟ ಬಿಟ್ಟು ಸೊರಗುತ್ತಲೇ ಹೋದರು. ನಾನು ಕೊಟ್ಟಿದ್ದನ್ನೇ ಅವರ ಮೈ ಅವರಿಗೆ ಎರಡನೆಯ ಸಲ ಬಡಿಸುತ್ತಿತ್ತು.

ಕ್ಯಾನಿನಿಂದಲೇ ಆಯಿತು ಎಂದು ಯಾರೂ ಹೇಳಲಿಲ್ಲ. ಹೇಳಲು ಯಾರಿಗೂ ಗೊತ್ತಿರಲಿಲ್ಲ. ಬೇರೆ ಏನಾದರೂ ಕಾಯಿಲೆ ಇದ್ದಿರಬಹುದು ಎಂದು ನಾನೂ ಎಷ್ಟೋ ಸಲ ನನ್ನ ಪರವಾಗಿ ವಾದ ಮಾಡಿಕೊಂಡಿದ್ದೇನೆ. ಪ್ರತಿ ಸಲವೂ ಆ ಮಧ್ಯಾಹ್ನದ ಬಿಸಿ ಉಸಿರು ಮುಖಕ್ಕೆ ಬಡಿದು ವಾದ ಮುಗಿಯುತ್ತದೆ.

ಕಡಲೆಕಾಯಿ ಕೀಳುವ ಕಾಲದಲ್ಲಿ, ಒಂದು ಬೆಳಿಗ್ಗೆ, ಮತ್ತೆ ಸೆಳೆತ ಬಂತು. ಅತ್ತೆಯ ತೊಡೆಯ ಮೇಲೆ ತಲೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಯಿತು. ಕೊನೆಗೆ ಅವರ ಕೈ ಅದುರುವುದು ನಿಂತಿತ್ತು.

ಸೂತಕ ಕಳೆಯುವ ದಿನ ಅತ್ತೆ ಎಂದಿನಂತೆ ವಿಂಗಡಿಸಲು ಕುಳಿತರು. ಅಳು ಮುಗಿದಿತ್ತು, ಕೈ ತಾನಾಗಿ ಕೆಲಸ ಮಾಡುತ್ತಿತ್ತು. ನೀರಿನ ಗಡಿಗೆ, ಹಾಲಿನ ಗಡಿಗೆ, ಮಾವನ ಕುಡಿಕೆ, ಎಲ್ಲ ಒಂದು ಕಡೆ. ಬಿಂದಿಗೆ, ತಂಬಿಗೆ, ಗಂಗಾಳ ಇನ್ನೊಂದು ಕಡೆ. ಗೂಟದಲ್ಲಿ ನೀಲಿ ಕ್ಯಾನು ತೂಗುತ್ತಿತ್ತು. ಅದನ್ನು ಇಳಿಸಿ ಎರಡು ಗುಂಪಿನ ನಡುವೆ ಇಟ್ಟು ನನ್ನನ್ನು ಕರೆದರು.

“ಇದನ್ನ ಯಾವ ಕಡೆ ಇಡಾಣವ್ವ? ಹಿತ್ತಾಳೆ ಜಾತಿ ಅಂದಿದ್ದೆ. ಹುಣಸೆಹಣ್ಣು ತರ್ಲಾ?”

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಹೂಂ ಎಂದಿದ್ದರೆ ಆ ದಿನ ಕಳೆದುಹೋಗುತ್ತಿತ್ತು. ಆದರೆ ಹೂಂ ಎಂದರೆ ಕ್ಯಾನು ಮತ್ತೆ ಮನೆಯೊಳಗೆ ಬರುತ್ತದೆ, ಯಾರೋ ಒಂದು ದಿನ ಅದಕ್ಕೆ ಏನೋ ತುಂಬುತ್ತಾರೆ.

“ಮಣ್ಣು ಅತ್ತೆ” ಎಂದೆ. “ಒಯ್ದು ಬಿಸಾಕ್ರಿ.”

ಅತ್ತೆಯ ಕೈ ಕ್ಯಾನಿನ ಹಿಡಿಕೆಯ ಮೇಲೆ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಎರಡು ವರ್ಷ ನಾನು ತಪ್ಪಿಸಿಕೊಂಡು ತಿರುಗಿದ ನೋಟ ಅದೇ. ಎಲ್ಲ ಅರ್ಥವಾಗಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೋ, ಅಷ್ಟು ಹೊತ್ತು ನೋಡಿದರು.

“ಯಾವಾಗ್ಲಿಂದ ಗೊತ್ತಿತ್ತು?” ಎಂದರು.

ನಾನು ತಲೆ ತಗ್ಗಿಸಿ ತಿಕ್ಕಬೇಕಾದ ತಂಬಿಗೆಗಳನ್ನು ಎತ್ತಿಕೊಂಡೆ. ಅವರೂ ಎರಡನೆಯ ಸಲ ಕೇಳಲಿಲ್ಲ. ಗಡಿಗೆಗಳ ಜೊತೆ ಅದನ್ನೂ ಬುಟ್ಟಿಗೆ ಹಾಕಿ ಹೊತ್ತುಕೊಂಡು ಹೋದರು. ಗಡಿಗೆ ಒಡೆಯುವ ಸದ್ದು ಮನೆಯವರೆಗೂ ಕೇಳಿಸಿತು. ಕ್ಯಾನು ಒಡೆಯಲಿಲ್ಲ. ಎತ್ತಿ ಎತ್ತಿ ಹಾಕಿದರೂ ಪುಟಿಯಿತು ಎಂದು ಪಕ್ಕದ ಮನೆಯವಳು ಆಮೇಲೆ ನನಗೆ ಹೇಳಿದಳು.

ಅತ್ತೆ ಆ ಮಾತನ್ನು ಮಗನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನನ್ನ ಜೊತೆ ಮಾತು ಬಿಡಲೂ ಇಲ್ಲ. ಉಪ್ಪು ಕೊಡು, ಕರು ಕಟ್ಟು, ಮಳೆ ಬರೋ ಹಂಗೈತೆ, ಎಲ್ಲ ಮೊದಲಿನ ಹಾಗೆಯೇ. ಒಂದು ಮಾತ್ರ ನಿಂತುಹೋಯಿತು. ಅವರು ನನ್ನನ್ನು ಯಾವುದನ್ನೂ ಕೇಳುತ್ತಿರಲಿಲ್ಲ. ಕಾಗದ ಬಂದರೆ ಮಗ ಬರುವವರೆಗೆ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದರು, ಮಗನಿಗೂ ಓದಲು ಸರಿಯಾಗಿ ಬಾರದು. ಬೈದಿದ್ದರೆ, ಹೊಡೆದಿದ್ದರೆ, ತವರಿಗೆ ಅಟ್ಟಿದ್ದರೆ ನಾನು ಎಲ್ಲೋ ಒಂದು ಕಡೆ ಕುಳಿತು ಅತ್ತು ಹಗುರಾಗುತ್ತಿದ್ದೆ.

ಕ್ಯಾನು ತಿಪ್ಪೆಯ ಮೇಲೆ ಎರಡು ಬೇಸಿಗೆ ಬಿಸಿಲು ಕಂಡಿತು. ನೀಲಿ ಮಾಸಿ ಬಿಳಿಚಿಕೊಂಡಿತು, ಮೈಯೆಲ್ಲ ಬಿರುಕು. ತಿಪ್ಪೆಯ ಪಕ್ಕ ಹೋಗುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ, ಆದರೂ ಅದು ಎಲ್ಲಿ ಬಿದ್ದಿದೆ ಎಂದು ನನಗೆ ಗೊತ್ತಿರುತ್ತಿತ್ತು. ಟಗರು ಗುದ್ದಿದರೂ ಒಡೆಯದು ಎಂದು ಮಾವ ಮೆಚ್ಚಿದ್ದ ಕ್ಯಾನು ಗೊಬ್ಬರದ ಗಾಡಿಯ ಚಕ್ರದ ಕೆಳಗೆ ಹಪ್ಪಳದ ಹಾಗೆ ಪುಡಿಯಾಯಿತು. ದೊಡ್ಡ ಚೂರುಗಳನ್ನು ಆರಿಸೋಣವೆಂದು ಓಡಿ ಹೋದೆ. ಹಿಡಿದರೆ ಬೆರಳಲ್ಲೇ ಮುರಿದು ಇನ್ನೂ ಚಿಕ್ಕದಾಗುತ್ತಿತ್ತು. ನನ್ನ ಗಂಡ ಅದೇ ಗೊಬ್ಬರವನ್ನು ಗಾಡಿಗೆ ತುಂಬಿದರು. ಯಾಕೆ ಬೇಡ ಎಂದು ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಗೊಬ್ಬರ ರಾಗಿ ಹೊಲಕ್ಕೆ ಹೋಯಿತು, ಹರಗಿದ್ದಾಯಿತು, ಬಿತ್ತಿದ್ದಾಯಿತು.

ಆ ಸಲ ರಾಗಿ ಚೆನ್ನಾಗಿಯೇ ಬಂತು. ಕಣದಲ್ಲಿ ಅತ್ತೆ ಮೊರ ಹಿಡಿದು ಕೇರುತ್ತಿದ್ದರು, ನಾನು ಎದುರು ಕುಳಿತು ಕಲ್ಲು ಆರಿಸುತ್ತಿದ್ದೆ. ಮಣ್ಣು, ಹೊಟ್ಟು, ಕಡ್ಡಿ ಎಲ್ಲ ಗಾಳಿಗೆ ಹಾರಿ ಹೋಗುತ್ತಿತ್ತು. ಅತ್ತೆ ಇದ್ದಕ್ಕಿದ್ದಂತೆ ಮೊರ ನಿಲ್ಲಿಸಿ, ರಾಗಿಯ ನಡುವಿನಿಂದ ಬೆರಳ ತುದಿಯಲ್ಲಿ ಏನನ್ನೋ ಒತ್ತಿ ಎತ್ತಿದರು. ರಾಗಿ ಕಾಳಿಗಿಂತ ಚಿಕ್ಕದು, ಒಂದು ನೀಲಿ ಚುಕ್ಕೆ. ಮೊರದಲ್ಲಿ ಇನ್ನೊಂದಿತ್ತು. ನನ್ನ ಮುಂದಿನ ರಾಶಿಯಲ್ಲೂ ಇದ್ದವು, ಹುಡುಕಿದರೆ ಕಾಣುವಷ್ಟು. ಕಾಣದಷ್ಟು ಚಿಕ್ಕವು ಎಷ್ಟಿದ್ದವೋ.

ಅತ್ತೆ ನನ್ನ ಕೈ ಹಿಡಿದು ಅಂಗೈ ಬಿಡಿಸಿ ಆ ಚುಕ್ಕೆಯನ್ನು ಅದರ ಮೇಲೆ ಇಟ್ಟರು. ಎರಡು ವರ್ಷಗಳ ಮೇಲೆ ಮೊದಲ ಸಲ ನನ್ನನ್ನು ಒಂದು ಪ್ರಶ್ನೆ ಕೇಳಿದರು.

“ಇದನ್ನ ಎಲ್ಲಿಗೆ ಬಿಸಾಕಾಣವ್ವ? ಓದಿದೋಳು ನೀನು, ಹೇಳು.”

ಸುತ್ತ ನೋಡಿದೆ. ಒಂದು ಕಡೆ ನಮ್ಮ ಹೊಲ, ಒಂದು ಕಡೆ ನಮ್ಮ ಬಾವಿ, ಒಂದು ಕಡೆ ನಮ್ಮ ಕುರಿ ಮೇಯುವ ಗುಡ್ಡ.

“ಗೊತ್ತಿಲ್ಲ ಅತ್ತೆ” ಎಂದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಅವರು ತಲೆಯಾಡಿಸಿ ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದರು. ಸಂಜೆ ಅದೇ ರಾಗಿ ಬೀಸಿ ಮುದ್ದೆ ಮಾಡಿದೆ. ಬೇರೆ ರಾಗಿ ಇರಲಿಲ್ಲ.